ಐದು ಮಂದಿ ಅಣ್ಣತಮ್ಮರ ವೆಬ್‌ಸೈಟು

ಖಾಲಿ ಜಾಗ ಕಂಡರೆ ನಮ್ಮ ಕಡೆಯವರಿಗೆ ತಡೆಯುವುದಿಲ್ಲ. ಗೋಡೆ ಖಾಲಿ ಇದ್ದರೆ ಕ್ಯಾಲೆಂಡರ್ ಹಾಕುತ್ತೇವೆ, ಬಸ್ಸಿನ ಸೀಟು ಖಾಲಿ ಇದ್ದರೆ ಕಿಟಕಿಯಿಂದ ಟಾವೆಲ್ ಎಸೆಯುತ್ತೇವೆ, ಕರೆಂಟಿನ ಕಂಬ ಖಾಲಿ ಇದ್ದರೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತೇವೆ. ಇಂಥ ಸೀಮೆಯಲ್ಲಿ ನಾನು ವೆಬ್‌ಸೈಟು ಮಾಡಿ ಹೊಟ್ಟೆ ಹೊರೆಯುತ್ತೇನೆ. ಒಳ್ಳೆಯ ವೆಬ್‌ಸೈಟಿಗೆ ಮೊದಲು ಬೇಕಾದದ್ದೇ ಖಾಲಿ ಜಾಗ. ನೋಡುವ ಕಣ್ಣಿಗೆ ಆರಾಮ ಅನಿಸಬೇಕು, ಬಂದವನಿಗೆ ಬೇಕಾದದ್ದು ಥಟ್ಟನೆ ಸಿಗಬೇಕು. ಇದನ್ನು ನಾನು ಡಿಗ್ರಿ ಮಾಡಿ ಕಲಿತಿದ್ದೇನೆ. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ಅಪ್ಪ ಹತ್ತಿ ಅಂಡಿಗೆ ಹೊತ್ತು ಓದಿಸಿದ ಡಿಗ್ರಿ. ಅದರ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ದಿನಾ ಬರುತ್ತದೆ.

ಕಿತ್ತೂರಿನಲ್ಲಿ ಕಣ್ಣಿನ ಆಸ್ಪತ್ರೆ ತೆರೆಯಲು ಹೊರಟಿದ್ದ ಡಾಕ್ಟರ್‌ಬಾಯಾರೊಬ್ಬರು ನನ್ನನ್ನು ಕರೆಸಿದರು. "ನಮ್ಮಲ್ಲಿ ಬರೋರು ಕಣ್ಣು ಮಂಜಾದವ್ರು. ಅವರಿಗೆ ಕಾಣೂಹಂಗ ಮಾಡಬೇಕು. ನೀವು ಛಂದಂಗ ಮಾಡಿದ್ದು ಒಂದರೆ ತೋರಸ್ರಿ, ಕೆಲಸ ನಿಮಗ ಕೊಡತೇನಿ" ಎಂದರು. ಅಲ್ಲಿಯವರೆಗೆ ನಾನು ಛಂದಂಗ ಮಾಡಿದ್ದನ್ನೆಲ್ಲ ಗಿರಾಕಿಗಳು ಕೆಡಿಸಿದ್ದರು. ತೋರಿಸುವಂಥದ್ದು ಒಂದೂ ಇರಲಿಲ್ಲ. ಆದರೆ ರಾಮದುರ್ಗದ ಒಂದು ಮಂಗಲ ಕಾರ್ಯಾಲಯದ, ಅಂದರೆ ಮದುವೆ ಹಾಲ್‌ನ, ಕೆಲಸ ಕೈಯಲ್ಲಿತ್ತು. ಅದು ಮುಗಿದ ಕೂಡಲೇ ತೋರಿಸುತ್ತೇನೆಂದು ಹೇಳಿ ಬಂದೆ. ಅದೊಂದು ಸರಿಯಾಗಿ ಆದರೆ ಆಸ್ಪತ್ರೆಯ ಕೆಲಸ ನನ್ನದು. ಆಮೇಲೆ ನನ್ನನ್ನೂ ಫ್ಲೆಕ್ಸ್ ಅಂಗಡಿಯವನನ್ನೂ ಯಾರೂ ಒಂದೇ ತಕ್ಕಡಿಯಲ್ಲಿ ತೂಗಲಾರರು ಎಂದುಕೊಂಡೆ.

ಹಾಗಾಗಿ ಜೀವ ಇಟ್ಟು ಮಾಡಿದೆ. ಮೇಲೆ ಕಾರ್ಯಾಲಯದ ಒಂದು ಫೋಟೋ, ಅದರ ಕೆಳಗೆ ಫೋನ್ ನಂಬರು ದೊಡ್ಡದಾಗಿ, ಪಂಕ್ತಿಗೆ ಎಷ್ಟು ಮಂದಿ ಕೂಡಬಹುದು, ಗಾಡಿ ಎಲ್ಲಿ ನಿಲ್ಲಿಸಬೇಕು, ಕೊನೆಗೆ ಬಾಡಿಗೆಗೆ ಸಿಗುವ ಪಾತ್ರೆಗಳ ಚಿತ್ರ, ಅಷ್ಟೆ. ಮಾಲೀಕರಾದ ಈರಣ್ಣ ಸಾವುಕಾರರು ಬಹಳ ಹೊತ್ತು ನೋಡಿದರು.

"ಖಾಲಿ ಖಾಲಿ ಹೊಡ್ಯಾಕ ಹತ್ತೇತಲ್ರಿ. ಮಂದಿ ಎಲ್ಲಿ?"

"ಯಾವ ಮಂದೀರಿ?"

"ನಾವು! ಐದು ಮಂದಿ ಅಣ್ಣತಮ್ಮರು ಕೂಡಿ ಕಟ್ಟಿಸೇವಿ. ನಮ್ಮ ಫೋಟೋನ ಇಲ್ಲ."

"ಸಾವುಕಾರ್ರ, ಹಾಲ್ ಹುಡುಕೋರು ನಂಬರ್ ನೋಡಾಕ ಬರ್ತಾರ್ರಿ, ನಿಮ್ಮ ಮಾರಿ ನೋಡಾಕ ಅಲ್ಲ."

"ಮಾರಿ ನೋಡದ ಯಾರರೆ ಲಗ್ನ ಮಾಡ್ತಾರೇನ್ರಿ?"

ಐವರನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ, ಕೈಮುಗಿಸಿ ನಿಲ್ಲಿಸಿದೆ. ಕಂಪ್ಯೂಟರಿನಲ್ಲಿ ನೋಡಲು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮರುದಿನ ಸವದತ್ತಿಯಿಂದ ಫೋನು ಬಂತು. ಐವರಲ್ಲಿ ಕಡೆಯವರಾದ ಮಲ್ಲಣ್ಣ. ಅವರು ಅದನ್ನು ಮೊಬೈಲಿನಲ್ಲಿ ತೆರೆದಿದ್ದರು. ಮೊಬೈಲಿನ ಪರದೆಯ ಅಗಲ ಕಡಿಮೆ. ಕಂಪ್ಯೂಟರಿನಲ್ಲಿ ಸಾಲಾಗಿ ನಿಂತದ್ದು ಅಲ್ಲಿ ಒಂದರ ಕೆಳಗೊಂದು ಇಳಿಯುತ್ತದೆ. ಹಿರಿಯರಾದ ಈರಣ್ಣನವರು ಮೇಲೆ, ಮಲ್ಲಣ್ಣನವರು ಎಲ್ಲರಿಗಿಂತ ಕೆಳಗೆ, ಬಾಡಿಗೆ ಪಾತ್ರೆಗಳ ಪಕ್ಕದಲ್ಲಿ.

"ನನ್ನ ಯಾಕ್ರಿ ಎಲ್ಲಾರ ಕಾಲಾಗ ಕುಂದ್ರಿಸೀರಿ?"

"ಮೊಬೈಲ್ ಸಣ್ಣದಿರತೈತ್ರಿ, ಅದು ತಾನ ಹಂಗ ಜೋಡಿಸಿಕೊಳ್ಳತೈತಿ."

"ತಾನ ಹೆಂಗ ಜೋಡಿಸಿಕೊಳ್ಳತೈತ್ರಿ? ಯಾರೋ ಹೇಳಿಕೊಟ್ಟಾರ. ಖರೇ ಹೇಳ್ರಿ, ನಮ್ಮ ದೊಡ್ಡ ವೈನಿ ಹೇಳಿದ್ರೋ ಇಲ್ಲೋ?"

ವೈನಿ ಎಂದರೆ ಅತ್ತಿಗೆ, ಈರಣ್ಣನವರ ಹೆಂಡತಿ. ಮನೆ ಒಡೆದ ಪಾಪ ನನಗೆ ಬೇಡವೆಂದು ಸಾಲನ್ನು ತಲೆಕೆಳಗು ಮಾಡಿ ಮಲ್ಲಣ್ಣನವರನ್ನು ಮೇಲೆ ತಂದೆ. ಸಂಜೆಯೊಳಗೆ ಈರಣ್ಣನವರ ಫೋನು ಬಂತು: "ಮನ್ಯಾಗ ಒಲಿ ಹಚ್ಚಿಲ್ರಿ. ಹಿರೇ ಮನಶ್ಯಾನ್ನ ಪಾತ್ರಿ ಬಾಜೂಕ ಕುಂದ್ರಿಸೀರಿ ಅಂತ ನಮ್ಮ ಮನಿಯವ್ರು ಅಡಗಿ ಬಿಟ್ಟಾರ." ಕಡೆಗೆ ಅಣ್ಣತಮ್ಮರು ಕೂತು ಒಂದು ತೀರ್ಮಾನಕ್ಕೆ ಬಂದರು. ಮೊಬೈಲಿನಲ್ಲೂ ಐವರು ಒಂದೇ ಸಾಲಿನಲ್ಲಿ ಇರಬೇಕು. ಇದ್ದರು. ಒಬ್ಬೊಬ್ಬರ ಮುಖ ಕಡಲೆಕಾಳಿನಷ್ಟಾಯಿತು. ಮುಖ ಗುರುತು ಸಿಗುವುದಿಲ್ಲವೆಂದು ಹೆಸರುಗಳು ಓಡುವ ಅಕ್ಷರದಲ್ಲಿ ಬಂದವು. ಮಕ್ಕಳು ಬಂದ ಮೇಲೆ ತೀರಿಹೋದ ತಂದೆತಾಯಿಯನ್ನು ಬಿಡಲಾದೀತೆ? ಅವರ ಮೇಲೆ ಕುಲದೇವರು. ಇವರೆಲ್ಲರಿಗೂ ದಾರಿ ಬಿಟ್ಟು ಫೋನ್ ನಂಬರು ಕೆಳಗೆ ಕೆಳಗೆ ಸರಿದು, ಮಲ್ಲಣ್ಣನವರು ಬೇಡವೆಂದ ಜಾಗದಲ್ಲಿ, ಪಾತ್ರೆಗಳ ಪಕ್ಕದಲ್ಲಿ ಹೋಗಿ ಕೂತಿತು. ನಂಬರಿಗೆ ದೂರಲು ವೈನಿ ಇಲ್ಲ, ಅದರ ಪರವಾಗಿ ಅಡುಗೆ ಬಿಡುವ ಹೆಂಡತಿಯೂ ಇಲ್ಲ.

ಕೊಟ್ಟ ಮಾತಿನಂತೆ ಕಿತ್ತೂರಿಗೆ ಹೋದೆ. ಡಾಕ್ಟರ್‌ಬಾಯಾರು ನನ್ನ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇವು ಏನ್ರಿ, ಕಡಲಿ?"

"ಮಾಲಕರ್ರಿ."

"ನಮ್ಮ ಪೇಷಂಟ್‌ಗೆ ಇಂಥಾದ್ದು ತೋರಿಸಿದ್ರ ಇದ್ದ ಕಣ್ಣೂ ಹೋಗತಾವು."

ನಾನು ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. ಗಿರಾಕಿಗಳಿಗೆ ತಿಳಿಯುವುದಿಲ್ಲ, ತಿಳಿದವನ ಮಾತು ಕೇಳುವುದಿಲ್ಲ, ವೆಬ್‌ಸೈಟು ಎಂದರೆ ಮನೆಯ ಪಡಸಾಲೆಯ ಗೋಡೆ ಎಂದುಕೊಂಡಿದ್ದಾರೆ. ಅವರು ಸಮಾಧಾನದಿಂದ ಕೇಳಿ, "ಖರೇ ಐತಿ. ಹಂಗಾರ ನಿಮ್ಮ ಸ್ವಂತದ್ದು ಇರಬೇಕಲ್ಲ? ಅಲ್ಲಿ ಯಾವ ಸಾವುಕಾರ್ರೂ ಇಲ್ಲ. ಅದನ್ನ ತೋರಸ್ರಿ" ಎಂದರು.

ಹೆಮ್ಮೆಯಿಂದ ತೆರೆದುಕೊಟ್ಟೆ. ಪರದೆಯ ತುಂಬ ನಾನು, ಕರಿಯ ಗೌನು ತೊಟ್ಟು, ಕೈಯಲ್ಲಿ ಸುರುಳಿ ಹಿಡಿದು. ಪಕ್ಕದಲ್ಲಿ ರುಮಾಲು ಸುತ್ತಿದ ಅಪ್ಪ, ಇನ್ನೂ ಬೆನ್ನ ಮೇಲೆ ಅಂಡಿಗೆ ಇದೆಯೇನೋ ಎಂಬಂತೆ ಬಿಗಿಯಾಗಿ ನಿಂತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಮನೆತನದ ಮೊದಲ ಪದವೀಧರ'. ಬಾಯಾರು ಹೆಬ್ಬೆರಳಿನಿಂದ ಸರಿಸಿದರು. ಮತ್ತೆ ಸರಿಸಿದರು.

"ಫೋಟೋ ಛಲೋ ಐತ್ರಿ. ತಂದಿಯವ್ರೇನು?"

"ಹೌದ್ರಿ."

"ನಿಮ್ಮ ನಂಬರ್ ಎಲ್ಲೈತ್ರಿ?"

ಆಸ್ಪತ್ರೆಯ ಕೆಲಸ ಬೆಳಗಾವಿಯವರಿಗೆ ಹೋಯಿತು. ಅವರು ಮಾಡಿದ್ದನ್ನು ತೆರೆದು ನೋಡಿದೆ. ದೊಡ್ಡ ನಂಬರು, ಸುತ್ತ ಖಾಲಿ ಜಾಗ. ಒಂದು ತಪ್ಪಾದರೂ ಸಿಗಲೆಂದು ಹುಡುಕಿದೆ, ಸಿಗಲಿಲ್ಲ.

ಮನೆಗೆ ಬಂದವನೇ ನನ್ನ ನಂಬರನ್ನು ಎಲ್ಲಕ್ಕಿಂತ ಮೇಲೆ ಏರಿಸಿದೆ. ಮರುದಿನ ಯಾರ್ಡಿನಿಂದ ಬಂದ ಅಪ್ಪ ಮೊಬೈಲು ಹಿಡಿದು ಎದುರಿಗೆ ನಿಂತ.

"ತಮ್ಮಾ, ನನ್ನ ರುಮಾಲದ ಮ್ಯಾಲ ಇದೇನು ಬರದಿ? ಲಾರಿ ಹಣಿಗೆ ನಂಬರ್ ಬರದಂಗ ಕಾಣಾಕ ಹತ್ತೇತಿ. ಚಾದ ಅಂಗಡ್ಯಾಗ ಎಲ್ಲಾರೂ ನಕ್ರು."

"ಅಪ್ಪಾ, ಬಂದವ್ರಿಗೆ ಮೊದಲ ನಂಬರ್ ಸಿಗಬೇಕು."

"ಬಂದವ್ರಂದ್ರ ಯಾರೋ? ದಿನಾ ನಾನ ಬರತೇನಿ. ನನಗ ನಿನ್ನ ನಂಬರ್ ಗೊತ್ತೈತಲ್ಲ."

ನಂಬರನ್ನು ಮತ್ತೆ ಕೆಳಗೆ ಇಳಿಸಿದೆ. ಫೋಟೋವನ್ನು ಒಂದಿಷ್ಟು ದೊಡ್ಡದೂ ಮಾಡಿದೆ. ಗಿರಾಕಿ ಕೇಳಿದ ಮೇಲೆ ಏನು ಮಾಡುವುದು?