ಹಲ್ಲು ನೋಡಿ ಊಟ ಹೇಳುವ ಮಾವ

ನಮ್ಮ ಸೋದರಮಾವನ ಎದುರು ಮಾತ್ರ ನಗಬೇಡಿ. ಅವರೇನೂ ಜಗಳಗಂಟರಲ್ಲ. ಆದರೆ ನಕ್ಕರೆ ನಿಮ್ಮ ಹಲ್ಲು ಕಾಣುತ್ತದೆ, ಹಲ್ಲು ಕಂಡರೆ ನಿಮ್ಮ ಮರ್ಯಾದೆ ಹೋಯಿತೆಂದೇ ತಿಳಿಯಿರಿ! ಮನೆಗೆ ಬಂದವರನ್ನು ಎಲ್ಲರೂ "ಊಟ ಆಯ್ತಾ?" ಎಂದು ಕೇಳುತ್ತಾರೆ. ಯಲಹಂಕದ ಈ ಮಾವ ಕನ್ನಡಕ ಸರಿಮಾಡಿಕೊಂಡು ನಿಮ್ಮ ಬಾಯಿಯನ್ನೇ ದಿಟ್ಟಿಸಿ, "ಎಲೆ ಅಡಿಕೆ ಬಿಟ್ಟಿದೀನಿ ಅಂತ ಮನೇಲಿ ಸುಳ್ಳು ಹೇಳಿದೀರಾ?" ಎನ್ನುತ್ತಾರೆ.

ತಪ್ಪು ಅವರದಲ್ಲ, ನೌಕರಿಯದು. ಪುರಾತನ ಸಮಾಧಿಗಳನ್ನು ಅಗೆದು ತೆಗೆಯುವ ಕಚೇರಿಯೊಂದರಲ್ಲಿ ನಿವೃತ್ತಿಯ ತನಕ ಮಾವನಿಗೆ ಒಂದೇ ಕೆಲಸ. ಸಾವಿರಾರು ವರ್ಷಗಳ ಹಿಂದೆ ಇದೇ ನೆಲದಲ್ಲಿ ಬಾಳಿ ಹೋದವರ ಮೂಳೆ, ಹಲ್ಲುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಚೀಟಿ ಅಂಟಿಸಿ, ಡಬ್ಬಿಗೆ ಹಾಕುವುದು. ತಮ್ಮ ಹಲ್ಲಿಗೆ ಎರಡು ನಿಮಿಷ ಕೊಡದ ಮನುಷ್ಯ ಕಂಡವರ ಹಲ್ಲನ್ನು ದಿನವಿಡೀ ಉಜ್ಜಿದರು! ವಿಜ್ಞಾನಿಗಳ ಬೆನ್ನ ಹಿಂದೆ ನಿಂತು ನಿಂತು ಅವರ ವಿದ್ಯೆಯೂ ಒಂದಿಷ್ಟು ಅಂಟಿಕೊಂಡಿತು.

"ನೋಡೋ, ರಾಗಿ ನವಣೆ ತಿಂದೋರ ಮೂಳೆನೇ ಬೇರೆ, ಅಕ್ಕಿ ತಿಂದೋರದ್ದೇ ಬೇರೆ. ಪರೀಕ್ಷೆ ಮಾಡಿದ್ರೆ ಗೊತ್ತಾಗ್ಬಿಡುತ್ತೆ. ಕಲ್ಲಲ್ಲಿ ಬೀಸಿದ ಹಿಟ್ಟು ತಿಂದೋರ ಹಲ್ಲು ಸವೆದು ಚಪ್ಪಟೆ. ಕಾಡಲ್ಲಿ ಗೆಡ್ಡೆ ಗೆಣಸು ತಿಂದೋರ ಹಲ್ಲಲ್ಲಿ ಪಾಚಿ ಗಟ್ಟಿಯಾಗಿ ಕೂತಿರುತ್ತೆ ನೋಡು, ಅದರೊಳಗೆ ಆ ಗೆಡ್ಡೆ ಕಣ ಇವತ್ತಿಗೂ ಇರುತ್ತೆ!"

"ಹಾಗಾದ್ರೆ ಹಲ್ಲುಜ್ಜದೇ ಇರೋದೂ ಒಂದು ದೇಶಸೇವೆ ಅನ್ನಿ ಮಾವ."

"ನೀನು ಮಾಡ್ತಾನೇ ಇದೀಯಲ್ಲ," ಎಂದರು ನನ್ನ ಬಾಯಿ ನೋಡಿ.

ಒಂದು ವಿಷಯ ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ ಮಗು ಬಹಳ ದಿನ ಹಸಿದಿದ್ದರೆ, ಇಲ್ಲವೇ ಕಾಯಿಲೆ ಬಿದ್ದಿದ್ದರೆ, ಹಲ್ಲಿನ ಮೇಲೆ ಅಡ್ಡಗೆರೆ ಉಳಿಯುತ್ತದಂತೆ. ಆಮೇಲೆ ಎಷ್ಟು ಉಂಡರೂ ಅದು ಅಳಿಸುವುದಿಲ್ಲವಂತೆ.

ಅಕ್ಕನನ್ನು ನೋಡಲು ಬ್ಯಾಟರಾಯನಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಚಕ್ಕುಲಿ ಕಡಿದದ್ದೇ ತಡ, ಮಾವ ಮುಂದಕ್ಕೆ ಬಾಗಿದರು. "ಎಡಗಡೆ ಅಗಿಯೋದು ಯಾವಾಗಿಂದ ನಿಲ್ಸಿದ್ರಿ?" ಹುಡುಗನ ತಾಯಿ ಬಾಯಿಗೆ ಒಯ್ಯುತ್ತಿದ್ದ ಕೇಸರಿಬಾತು ಅರ್ಧದಲ್ಲೇ ನಿಂತಿತು. ಹುಡುಗ ಬೆವರುತ್ತ ಹುಳುಕು ಒಪ್ಪಿಕೊಂಡ. ಮದುವೆಯೇನೋ ಆಯಿತು, ಆದರೆ ಹಲ್ಲಿನ ಡಾಕ್ಟರ ಬಳಿ ಹೋಗಿಬಂದ ಮೇಲೆ! ನಮ್ಮ ಭಾವ ಇವತ್ತಿಗೂ ಮಾವನ ಎದುರು ಕರ್ಚೀಫು ಅಡ್ಡ ಹಿಡಿದೇ ನಗುವುದು.

ಮಾವನಿಗೆ ಇನ್ನೊಂದು ಹುಚ್ಚಿದೆ. ಹಬ್ಬವಿರಲಿ, ಮನೆ ತುಂಬ ನೆಂಟರಿರಲಿ, ಮೊದಲ ತಟ್ಟೆ ಅತ್ತೆಗೇ. ಅತ್ತೆ ಉಂಡು ಮುಗಿಸುವ ತನಕ ತುಪ್ಪದ ಮಿಳ್ಳೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ಆಮೇಲೆ ತಾವೇ ಬಡಿಸಿಕೊಂಡು ಉಣ್ಣುತ್ತಾರೆ, ಅತ್ತೆ ಏಳಕೂಡದು. ಹೆಂಡತಿಗೆ ಇಷ್ಟೊಂದು ಹೆದರುವ ಗಂಡಸು ಉಂಟೇ ಎಂದು ನೆಂಟರೆಲ್ಲ ನಗುತ್ತಿದ್ದರು. ನಾನೂ ನಕ್ಕವನೇ. ಅತ್ತೆಯ ಬಿಂಕ ಬೇರೆ: "ನಮ್ಮಪ್ಪನ ಮನೇಲಿ ತುಪ್ಪದಲ್ಲಿ ಕೈ ತೊಳೀತಿದ್ವಿ. ಇವ್ರ ಮಿಳ್ಳೆ ನಂಗೇನ್ ಹೊಸದಾ?"

ಕಳೆದ ತಿಂಗಳು ಅತ್ತೆಯ ಕೋರೆಹಲ್ಲು ಅಲ್ಲಾಡತೊಡಗಿ, ಕೆಂಪಾಪುರದ ಡಾಕ್ಟರು ಅದನ್ನು ಕಿತ್ತರು. ಮಾವ ಕೈಚಾಚಿ ಹಲ್ಲು ಇಸಿದುಕೊಂಡರು. ಮನೆಗೆ ತಂದು ತೊಳೆದು, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿ, ಮೇಲೆ ಚೀಟಿ ಅಂಟಿಸಿದರು. 'ಹೆಂಗಸು. ಯಲಹಂಕ. ಸ್ಥಿತಿ ಉತ್ತಮ.'

"ನಾನಿನ್ನೂ ಬದ್ಕಿದೀನಿ ಕಣ್ರೀ!" ಎಂದು ಅತ್ತೆ ಕೂಗಿಕೊಂಡರು.

"ಅದಕ್ಕೇ ಉತ್ತಮ ಅಂತ ಬರ್ದಿರೋದು."

ಮುಂದಿನ ಭಾನುವಾರ ಎಲ್ಲರೂ ಅಲ್ಲಿ ಸೇರಿದ್ದೆವು. ಮುದ್ದೆ, ಸೊಪ್ಪಿನ ಸಾರು. ಎಂದಿನಂತೆ ಅತ್ತೆ ಮೊದಲು ಕೂತರು, ಮಾವ ಮಿಳ್ಳೆ ಹಿಡಿದು ನಿಂತರು, ತವರಿನ ತುಪ್ಪದ ಪುರಾಣ ಶುರುವಾಯಿತು. ಭಾವನಿಗೆ ಹಳೇ ಚಕ್ಕುಲಿಯ ಸೇಡು ನೆನಪಾಯಿತೋ ಏನೋ, ಬೆಂಕಿಪೊಟ್ಟಣ ಎತ್ತಿಕೊಂಡು ಬಂದರು. "ಮಾವ, ಸತ್ತೋರದ್ದೆಲ್ಲ ಹೇಳ್ತೀರಲ್ಲ, ಅತ್ತೆ ಅಷ್ಟು ತುಪ್ಪ ತಿಂದಿದ್ದು ನಿಜಾನಾ? ಹೇಳ್ಬಿಡಿ!"

ಎಲ್ಲರೂ ಹೋ ಎಂದರು. ಪೊಟ್ಟಣ ಮೊದಲು ನನ್ನ ಕೈಗೆ ಬಂತು. ತಮಾಷೆಗೆಂದು ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದರ ಕೆಳಗೊಂದು ಮೂರು ಅಡ್ಡಗೆರೆ! ನನ್ನ ನಗು ಅಲ್ಲೇ ನಿಂತಿತು. ಅತ್ತೆಯ ಕಡೆ ನೋಡಿದೆ. ತುತ್ತು ಕೈಯಲ್ಲೇ ಇತ್ತು, ಮುಖ ಬಾಡಿತ್ತು. ಇಷ್ಟು ವರ್ಷ ಮಾವನ ಪಾಠ ಕೇಳಿದವರಿಗೆ ಆ ಗೆರೆ ಏನೆಂದು ತಿಳಿಯದೆ ಇರುತ್ತದೆಯೇ? ಮಾವನೋ, ಹಲ್ಲಿನ ವಿಷಯದಲ್ಲಿ ಯಾರ ಮುಲಾಜಿಗೂ ಸುಳ್ಳು ಹೇಳಿದವರಲ್ಲ. ಆ ಪೊಟ್ಟಣವನ್ನು ನುಂಗಿಬಿಡಲೇ ಎನಿಸಿತು ನನಗೆ.

ಮಾವ ಹಲ್ಲು ಇಸಿದುಕೊಂಡರು. ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಹಾಲು, ಬೆಣ್ಣೆ, ತುಪ್ಪ," ಎಂದರು ಗಂಭೀರವಾಗಿ. "ಚೆನ್ನಾಗಿ ತಿಂದು ಬೆಳೆದ ಮನೆ ಮಗಳು. ಡೌಟೇ ಇಲ್ಲ."

ಅತ್ತೆ ತುತ್ತು ಬಾಯಿಗಿಟ್ಟರು. "ಕೇಳಿಸ್ಕೊಂಡ್ರಾ ಎಲ್ರೂ?" ಎಂದರು, ಆದರೆ ದನಿಯಲ್ಲಿ ಎಂದಿನ ಬಿಂಕವಿರಲಿಲ್ಲ.

ಊಟಕ್ಕೆ ಕೂರುವ ಮೊದಲು ಹಿತ್ತಲಲ್ಲಿ ಮಾವ ಕೈ ತೊಳೆಯುವಾಗ ಮೆಲ್ಲಗೆ ಕೇಳಿದೆ. "ಮಾವ, ಆ ಗೆರೆ..."

"ಹೆಣ್ಣು ನೋಡಕ್ಕೆ ಹೋದ ದಿನಾನೇ ನೋಡಿದ್ದೆ ಕಣೋ. ಒಂದ್ಸಲ ನಕ್ಳು. ಅವತ್ತೇ ಅಂದ್ಕೊಂಡೆ, ನಮ್ಮನೇಲಿ ಈ ಹುಡುಗಿ ಎಲ್ರಿಗಿಂತ ಮೊದ್ಲು ಉಣ್ಬೇಕು ಅಂತ." ಟವೆಲ್ಲಿಗೆ ಕೈ ಒರೆಸಿಕೊಂಡರು. "ಅವಳಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ."

ಇಷ್ಟು ವರ್ಷ ನಕ್ಕಿದ್ದಕ್ಕೆ ನಾಚಿಕೆಯಾಯಿತು.

"ಅಲ್ಲೇನ್ ಗುಸುಗುಸು? ಬನ್ನಿ, ಮುದ್ದೆ ಆರೋಗ್ತಿದೆ!" ಒಳಗಿನಿಂದ ಅತ್ತೆಯ ಕೂಗು.

ಹೋಗಿ ನೋಡಿದರೆ ಮಾವನ ತಟ್ಟೆ ಆಗಲೇ ಹಾಕಿತ್ತು. ತುಪ್ಪದ ಮಿಳ್ಳೆ ಹಿಡಿದು ಪಕ್ಕದಲ್ಲಿ ಅತ್ತೆ ನಿಂತಿದ್ದರು.