ಮರಿಯ ಮೈಮೇಲೆ ಹೆಂಡತಿಯ ಹೆಸರು

ಇಂಗ್ಲಿಷಿನಲ್ಲಿ ‘ಇದು ಇಂಥವರದು’ ಎಂದು ತೋರಿಸುವುದು ನನಗೆ ನೀರು ಕುಡಿದಷ್ಟು ಸಲೀಸು! ಹೆಸರು ಬರೆಯಿರಿ, ತಲೆಯ ಮೇಲೊಂದು ಸಣ್ಣ ಕೊಕ್ಕೆ ಹಾಕಿ, ಪಕ್ಕದಲ್ಲಿ ಎಸ್ ಕೂಡಿಸಿ. ವಸ್ತು ನಿಮ್ಮದಾಯಿತು! ಕಕ್ಕೇರಾದಲ್ಲಿ ಮನೆಪಾಠ ಹೇಳುವ ಈ ಹಣಮೇಶ ಇಷ್ಟನ್ನು ಮಕ್ಕಳ ತಲೆಗೆ ತುಂಬಲಾಗದೆ ಸೋತಿದ್ದ. ಒಂದು ಭಾನುವಾರ ಪಣ ತೊಟ್ಟೆ: ಇಡೀ ಮನೆಯನ್ನೇ ವ್ಯಾಕರಣ ಪುಸ್ತಕ ಮಾಡಿಬಿಡುತ್ತೇನೆ!

ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣವಿತ್ತು. ಕೊಡದ ಮೇಲೆ ‘ಜ್ಯೋತೀಸ್’, ಮಂಚದ ಮೇಲೆ ‘ಹಣಮೇಶಸ್’. ಹೆಂಡತಿ ಜ್ಯೋತಿ ಬಾಣಂತಿ ಕುರಿಗೆ ಬೆಲ್ಲ ತರಲು ಅಂಗಡಿಗೆ ಹೋಗಿದ್ದಳು. ಹಿತ್ತಲಿಗೆ ಬಂದರೆ, ಬೆಳಗ್ಗೆ ಹುಟ್ಟಿದ ಬಿಳಿ ಮರಿ!

ಆ ಕುರಿ ದೋರನಹಳ್ಳಿಯ ತವರಿನವರು ಅವಳಿಗೆ ಕೊಟ್ಟ ಬಳುವಳಿ. ಅದರ ಸಂತಾನವೆಲ್ಲ ಮಗಳಿಗೇ ಸೇರಿದ್ದು ಎಂಬುದು ಅವರ ರೂಢಿ. ಆದರೆ ಅದು ಎರಡು ಸಲ ತಿಂಗಳು ತುಂಬುವ ಮೊದಲೇ ಕಂದು ಹಾಕಿತ್ತು. ಜ್ಯೋತಿಗೆ ಜೀವಂತ ಸಿಕ್ಕ ಮೊದಲ ಮರಿ ಇದೇ. ಇದಕ್ಕಿಂತ ಒಳ್ಳೆಯ ಉದಾಹರಣೆ ಉಂಟೇ? ಪಕ್ಕೆಯ ತುಂಬ ಅವಳ ಹೆಸರು ಬಳಿದೆ. ಮರಿ ಚಿಕ್ಕದು, ನನ್ನ ಅಕ್ಷರ ದೊಡ್ಡದು. ಎಸ್ ಬಾಲದ ಮೇಲೆ ಬಿತ್ತು.

ಜ್ಯೋತಿ ಬಂದವಳೇ ಚೀರಿದಳು. “ಏನ್ ಬಳದೀರಿ ಅದಕ್ಕ?”

“ನಿನ್ನ ಹೆಸರು! ಇನ್ನ ಮ್ಯಾಲ ಇದು ನಿಂದ ಅಂತ ಯಾರ್ ಬೇಕಾದ್ರೂ ಓದಬಹುದು!”

“ಅದ್ರ ತಾಯಿಗೆ ಓದಾಕ ಬರ್ತದೇನ್ರಿ?”

ತಾಯಿ ಮೂಸಿತು, ಹೌಹಾರಿತು, ಹಣೆಯಿಂದ ಗುದ್ದಿ ಮರಿಯನ್ನು ಗೋಡೆಗೆ ದೂಡಿತು. ಕುರಿ ತನ್ನ ಮರಿಯನ್ನು ಗುರುತಿಸುವುದು ಮೈಯ ವಾಸನೆಯಿಂದ. ಆ ವಾಸನೆ ನನ್ನ ಬಣ್ಣದಡಿ ಮುಚ್ಚಿಹೋಗಿತ್ತು.

“ತಡಿ, ಅಳಸ್ತೀನಿ!” ಎಂದು ಸೀಮೆಎಣ್ಣೆ ಹಚ್ಚಿದೆ. ಬಣ್ಣ ಹೋಗಲಿಲ್ಲ, ವಾಸನೆ ಎರಡಾಯಿತು. ಘಮಘಮಿಸುವ ಸಾಬೂನು ಹಾಕಿ ತಣ್ಣೀರಲ್ಲಿ ತಿಕ್ಕಿದೆ. ವಾಸನೆ ಮೂರಾಯಿತು, ಮರಿ ಗಡಗಡ ನಡುಗತೊಡಗಿತು.

“ಸಾಕ್ರಿ ನಿಮ್ಮ ಶಾಣ್ಯಾತನ! ಗಿಣ್ಣದ ಹಾಲು ಹೊಟ್ಟಿಗೆ ಬೀಳ್ಲಿಲ್ಲಂದ್ರ ಅದು ಉಳಿಯಂಗಿಲ್ಲ!”

ಅವಳು ಕುರಿಯನ್ನು ಅಮುಕಿ ಹಿಡಿದಳು, ನಾನು ಮರಿಯನ್ನು ಕೆಚ್ಚಲಿಗೆ ಒಡ್ಡಿದೆ. ಸಿಕ್ಕಿದ್ದು ಒದೆ ಮಾತ್ರ, ಅದೂ ನನ್ನ ದವಡೆಗೆ! ಕೊನೆಗೆ ಅವಳೇ ಹಾಲು ಹಿಂಡಿ ಚಮಚದಲ್ಲಿ ಹಾಕಿದಳು. ಮರಿಗೆ ನುಂಗುವ ತ್ರಾಣವೂ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಅದು ಅವಳ ಮಡಿಲಲ್ಲೇ ತಣ್ಣಗಾಯಿತು.

ಅದಕ್ಕಿಂತ ಕೆಟ್ಟದ್ದು ಆಮೇಲೆ. ಕುರಿ ತನ್ನ ಮರಿಯನ್ನು ಕರೆಯತೊಡಗಿತು. ಹಿತ್ತಲೆಲ್ಲ ಹುಡುಕಿತು, ಮರಿ ಹಾಕಿದ ಜಾಗದ ಮಣ್ಣು ನೆಕ್ಕಿತು, ಜ್ಯೋತಿ ನೆಲಕ್ಕಿಟ್ಟ ಸತ್ತ ಮರಿಯನ್ನು ದಾಟಿಕೊಂಡು ಹೋಗಿ ಮತ್ತೆ ಕರೆಯಿತು.

ಗುಂಡಿ ತೋಡಿದೆ. ಏನಾದರೂ ಹೇಳಬೇಕಲ್ಲ, “ಇನ್ನೊಂದು ಮರಿ ತಂದು ಕೊಡ್ತೀನಿ, ಜ್ಯೋತಿ” ಎಂದೆ.

ಅವಳು ಮರಿಯನ್ನು ಎತ್ತಿ ತಂದು ನನ್ನ ಕೈಗಿಟ್ಟಳು.

“ಕುರಿ ನಂದು, ಮರಿ ನಂದಿತ್ತು, ಬರ್ದ ಹೆಸರೂ ನಂದ. ಈ ಪಾಪ ಒಂದ ನಿಮ್ದು ನೋಡ್ರಿ. ಅದನ್ನ ಎಲ್ಲಿ ಬರ್ಕೋತೀರಿ?”