ಹಾರಕ್ಕೊಂದು ಮುಖ

ದೊಡ್ಡಹನುಮಯ್ಯನವರ ತಿಥಿಯ ಬೆಳಿಗ್ಗೆಯೂ ಹಾರ ಯಾವ ಫೋಟೊಗೆ ಹಾಕಬೇಕೆಂದು ತೀರ್ಮಾನವಾಗಿರಲಿಲ್ಲ. ಮಧುಗಿರಿಯ ಆ ಮನೆಯಲ್ಲಿ ಸಿಕ್ಕಿದ್ದು ಮೂರು: ಮುಖ ಊದಿಕೊಂಡ ಆಧಾರ್ ಕಾರ್ಡಿನದು, ಮದುಮಗನಾಗಿ ಒಬ್ಬರೇ ಕೂತ ಮದುವೆಯದು, ಹಳೆಯ ಗುಂಪುಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಒಬ್ಬೊಬ್ಬ ನೆಂಟರದು ಒಂದೊಂದು ಹಟ.

ಅಳಿಯ ಭೀಮರಾಜು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಜಗಳ ಬಿಡಿಸಲು ಹೋಗಿ ಲ್ಯಾಪ್‌ಟಾಪ್ ತೆರೆದ. ಸ್ಪಷ್ಟತೆ, ಗಾಂಭೀರ್ಯ, ಕಣ್ಣಿನ ಕಳೆ ಎಂದು ನೆಂಟರಿಂದಲೇ ಅಂಕ ಹಾಕಿಸಿದ. ಯಾವ ಗುಣಕ್ಕೆ ಎಷ್ಟು ತೂಕವೆಂದು ಗೊತ್ತುಮಾಡಿ ಕೂಡಿದ. ಎಲ್ಲದರಲ್ಲೂ ಪೂರ್ತಿ ಅಂಕ ಬರುವ ಫೋಟೊವೊಂದನ್ನು ಕಲ್ಪಿಸಿಕೊಂಡು, ಯಾವುದು ಅದಕ್ಕೆ ಹತ್ತಿರವೆಂದು ಅಳೆದ. ಕೊನೆಗೆ ಎರಡೆರಡನ್ನೇ ಎದುರುಬದುರಿಟ್ಟು ಹೋಲಿಸಿದ. ಮೂರು ವಿಧಾನಗಳು ಒಂದೇ ಮಾತು ಹೇಳುವುದು ಅಪರೂಪ. ಇಲ್ಲಿ ಮೂರೂ ಕತ್ತರಿಸಿದ ಫೋಟೊವನ್ನೇ ಮೊದಲಿಗಿಟ್ಟವು, ಮದುವೆಯದನ್ನು ಎರಡನೆಯ ಸ್ಥಾನಕ್ಕೆ.

ಪಕ್ಕದ ಮನೆಯ ಜಯಕ್ಕ ಅದರ ಕಣ್ಣಿನ ಕಳೆಗೆ ಹತ್ತಕ್ಕೆ ಹತ್ತು ಕೊಟ್ಟಿದ್ದಳು. "ಜೀವ ಐತೆ ಕಣಪ್ಪ ಇದ್ರಲ್ಲಿ" ಎಂದು ಸೆರಗು ಹೊದ್ದುಕೊಂಡಳು. ಭೀಮರಾಜುವಿನ ಅತ್ತೆ, ಕಣ್ಣು ಮಂಜಾಗಿದ್ದ ಓಬಳಮ್ಮ ಫೋಟೊ ಸವರಿ, ಬೆಚ್ಚಗಿದೆ ಎಂದು ಕೈ ಹಿಂದಕ್ಕೆಳೆದುಕೊಂಡರು.

ಹಾರ ಹಾಕಿದ ಮೇಲೆ ಭೀಮರಾಜುವಿಗೆ ನೆಮ್ಮದಿ ಹೋಯಿತು. ಎತ್ತ ಸರಿದರೂ ಆ ಕಣ್ಣುಗಳು ಬೆನ್ನಟ್ಟುತ್ತಿದ್ದವು. ಗಾಳಿಯಿಲ್ಲದೆ ದೀಪ ಎರಡು ಸಲ ಆರಿತು. ಹಿತ್ತಲಲ್ಲಿಟ್ಟ ಎಡೆಯನ್ನು ಒಂದು ಕಾಗೆಯೂ ಮುಟ್ಟಲಿಲ್ಲ. ಗೋಡೆಯ ಮೇಲೆ ಸಾಲಾಗಿ ಕೂತು ಮನೆಯೊಳಗೇ ಇಣುಕುತ್ತಿದ್ದವು.

ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡಹನುಮಯ್ಯನವರೇ ಚಪ್ಪಲಿ ಬಿಟ್ಟು ಒಳಗೆ ಬಂದರು.

ಅಡುಗೆಯವನ ಸೌಟು ಸಾರಿನಲ್ಲಿ ಮುಳುಗಿತು. ಭೀಮರಾಜು ಕರೆಂಟು ಹೋದ ಮಿಕ್ಸಿಯಂತೆ ನಿಂತುಬಿಟ್ಟ.

"ಬಸ್ಸು ಕೆಟ್ಟೋಯ್ತು ಕಣತ್ಗೆ. ತಡ ಆಗ್ಬುಡ್ತು" ಎಂದರು ಬಂದವರು.

ದನಿಯಿಂದಲೇ ಗುರುತು ಹಿಡಿದವರು ಓಬಳಮ್ಮ. ಗಂಡನ ಅವಳಿ ತಮ್ಮ ಚಿಕ್ಕಹನುಮಯ್ಯ. ಮುನಿಸಿಕೊಂಡು ಪಾವಗಡ ಸೇರಿದವರು ಇಪ್ಪತ್ತು ವರ್ಷ ಇತ್ತ ತಲೆ ಹಾಕಿರಲಿಲ್ಲ. ಅಣ್ಣನಿಗೆ ಹೂವಿಡಲು ಹೋದವರ ಕೈ ಅಲ್ಲೇ ನಿಂತಿತು.

"ಇದು ನಾನಲ್ವಾ?"

ಭೀಮರಾಜು ಬೆವರುತ್ತ ಅದನ್ನಿಳಿಸಿ, ಎರಡನೆಯ ಸ್ಥಾನದ ಮದುವೆ ಫೋಟೊಗೆ ಹಾರ ಹಾಕಿದ. ಚಿಕ್ಕಹನುಮಯ್ಯ ಅದನ್ನೂ ಬಗ್ಗಿ ನೋಡಿ ಕೆಮ್ಮಿದರು.

"ಇದೂ ನಾನೇ. ಆವತ್ತು ಅಣ್ಣಂಗೆ ಚಳಿಜ್ವರ. ಪೋಟೊಕ್ಕೆ ನನ್ನ ಕೂರ್ಸಿದ್ರು."

ಓಬಳಮ್ಮ ದನಿ ಬಂದ ಕಡೆಗೆ ನಿಧಾನವಾಗಿ ಮುಖ ತಿರುಗಿಸಿದರು.

"ಪೋಟೊಕ್ಕೆ ಸರಿ ಕಣಪ್ಪ. ತಾಳಿ ಕಟ್ಟಕ್ಕೆ ಯಾರ್ನ ಕೂರ್ಸಿದ್ರು?"

ಚಿಕ್ಕಹನುಮಯ್ಯ ಬಾಗಿಲ ಕಡೆ ತಿರುಗಿ ಚಪ್ಪಲಿ ಹುಡುಕಿದರು. ಇದಕ್ಕೂ ಲೆಕ್ಕ ಹಾಕು ಎಂಬಂತೆ ನೆಂಟರೆಲ್ಲ ಒಟ್ಟಾಗಿ ಅಳಿಯನನ್ನು ನೋಡಿದರು.